ಭೂತಗನ್ನಡಿಯವರ ಅಸಲಿ ಸಹಿ

ವಿದೇಶ ಪ್ರವಾಸಕ್ಕೆ ನಗದು ಒಯ್ಯಬಾರದು, ಒಂದು ಕ್ರೆಡಿಟ್ ಕಾರ್ಡ್ ಜೇಬಿನಲ್ಲಿದ್ದರೆ ಭೂಮಂಡಲವನ್ನೇ ಮೂರು ಸುತ್ತು ಹಾಕಿ ಬರಬಹುದು ಎಂಬ ಮಹಾವಿಚಾರ ಭೂತಗನ್ನಡಿಯವರಿಗೆ ಹೊಳೆದದ್ದು ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅದನ್ನು ಹೆಂಡತಿಗೆ ಸಾರಿದರು. ಆಕೆಗೆ ಕೇಳಿಸಿದ್ದು ಬರೀ ಗುಳುಗುಳು. ಆದರೂ ‘ಹಾಗೇ ಆಗಲಿ’ ಎಂದರು. (ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಗುಳುಗುಳುವಿಗೂ ಉಪನ್ಯಾಸಕ್ಕೂ ಒಂದೇ ಉತ್ತರ ಸಾಕೆಂದು ಆಕೆ ಕಂಡುಕೊಂಡಿದ್ದರು.)

ಭೂತಗನ್ನಡಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬ್ಯಾಂಕಿನವರು ಇಟ್ಟದ್ದು. ಅಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಚೆಕ್ಕಿನ ಮೇಲಿನ ಸಹಿಯನ್ನೂ ಬ್ಯಾಂಕಿನ ಕಪಾಟಿನಲ್ಲಿರುವ ಮಾದರಿ ಸಹಿಯನ್ನೂ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ಎರಡೂ ಒಂದೇ ಕೈಯದೋ ಅಲ್ಲವೋ ಎಂದು ತೀರ್ಪು ಕೊಡುವುದು. ಬಲಗೈ ಮುರಿದುಕೊಂಡು ಎಡಗೈಯಲ್ಲಿ ಸಹಿ ಹಾಕಿದವನಿಗೆ ‘ಮೂಳೆ ಕೂಡಿದ ಮೇಲೆ ಬನ್ನಿ’ ಎಂದವರು ಅವರು. ಮದುವೆಯಾದ ಮರುದಿನ ಖುಷಿಯಲ್ಲಿ ಕೈ ನಡುಗಿದ ಹುಡುಗನ ಚೆಕ್ಕನ್ನು ‘ಸುಖ ಸ್ವಲ್ಪ ಇಳಿಯಲಿ, ಆಮೇಲೆ ನೋಡೋಣ’ ಎಂದು ವಾಪಸ್ಸು ಮಾಡಿದವರು ಅವರು. ಸ್ವಂತ ಮಾವನವರ ಚೆಕ್ಕನ್ನೂ ಬಿಡಲಿಲ್ಲ. ಆಮೇಲೆ ನಾಲ್ಕು ವರ್ಷ ಮಾವನ ಮನೆಯಲ್ಲಿ ಅವರಿಗೆ ಕುಡಿಯಲು ಸಿಕ್ಕಿದ್ದು ನೀರು, ಅದೂ ತಾವೇ ತುಂಬಿಕೊಂಡದ್ದು. ನಿವೃತ್ತಿಯ ದಿನ ಸಹೋದ್ಯೋಗಿಗಳು ಆ ಭೂತಗನ್ನಡಿಯನ್ನೇ ಉಡುಗೊರೆಯಾಗಿ ಕೊಟ್ಟು ಕಳಿಸಿದರು. (ಮನುಷ್ಯ ವಾಪಸ್ಸು ಬರಲು ಯಾವ ನೆಪವೂ ಉಳಿಯಬಾರದು ಎಂದಿರಬೇಕು.)

ಹೆಂಡತಿಗೆ ಆಸೆ ಎಂದು ಇದ್ದದ್ದು ಒಂದೇ. ಬ್ಯಾಂಕು ಹಂಚಿದ ಒಂದು ಹಳೇ ಕ್ಯಾಲೆಂಡರಿನಲ್ಲಿ ಸರೋವರವೊಂದರ ಚಿತ್ರವಿತ್ತು. ಸುತ್ತ ನೀಲಿ ಗುಡ್ಡಗಳು, ನಡುವೆ ಬಿಳಿ ಹಡಗು, ಹಡಗಿನ ಅಂಚಿನಲ್ಲಿ ಕೆನ್ನೆಗೆ ಕೈಕೊಟ್ಟು ನೀರು ನೋಡುತ್ತ ನಿಂತ ಹೆಂಗಸು. ಆ ವರ್ಷ ಮುಗಿದು ಹತ್ತೊಂಬತ್ತು ವರ್ಷವಾದರೂ ಆಕೆ ಅದನ್ನು ಅಡುಗೆಮನೆಯ ಗೋಡೆಯಿಂದ ಇಳಿಸಿರಲಿಲ್ಲ. ತಾರೀಕು ನೋಡಿದವರು ದಿಕ್ಕು ತಪ್ಪುತ್ತಿದ್ದರು. ಹಾಲು ಉಕ್ಕಿದ್ದೆಲ್ಲ ಆಕೆ ಆ ಹಡಗು ಹತ್ತಿ ಹೋಗಿದ್ದ ಹೊತ್ತಿನಲ್ಲೇ.

ಈಗ ಆ ಸರೋವರದ ಊರಿಗೆ ನಿಜವಾಗಿಯೂ ಬಂದಿದ್ದಾರೆ. ನಾಳೆ ಬೆಳಿಗ್ಗೆ ವಾಪಸ್ಸು ಹೊರಡಬೇಕು. ದಿನಕ್ಕೊಂದೇ ಹಡಗು, ಮಧ್ಯಾಹ್ನ ನಾಲ್ಕೂವರೆಗೆ. ಇಂದಿನದು ಈ ಋತುವಿನ ಕೊನೆಯದು; ನಾಳೆಯಿಂದ ಹಡಗಿಗೂ ರಜ.

ಅಂದು ಊರಿಗೆ ಊರೇ ಮಂಜಿನಲ್ಲಿ ನೆನೆಸಿಟ್ಟ ಹಾಗಿತ್ತು. ಮಧ್ಯಾಹ್ನಕ್ಕೇ ಬೀದಿದೀಪಗಳು ಹತ್ತಿಕೊಂಡು, ಪ್ರತಿಯೊಂದರ ಸುತ್ತ ಹಳದಿ ಹತ್ತಿಯ ಉಂಡೆ ಮಾಡಿಕೊಂಡು ನಿಂತಿದ್ದವು. ಗಡಿಯಾರದ ಗೋಪುರ ಗಂಟೆ ಹೊಡೆದರೆ ದಿಂಬಿನೊಳಗಿಂದ ಹೊಡೆದಂತೆ ಕೇಳುತ್ತಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಬಾತುಕೋಳಿಗಳಿಗೂ ಅನುಮಾನ. ಒಂದೆರಡು ಸುಮ್ಮನೆ ನಡುವೆ ತೇಲುತ್ತಿದ್ದವು. ಭೂತಗನ್ನಡಿಯವರು ತಮ್ಮ ಕಾಲು ನೆಲಕ್ಕೆ ತಾಗುತ್ತಿದೆಯೇ ಎಂದು ಎರಡು ಬಾರಿ ಬಗ್ಗಿ ನೋಡಿಕೊಂಡರು. ತಾಗುತ್ತಿತ್ತು, ಆದರೆ ಮೊದಲಿನಷ್ಟು ಖಡಾಖಂಡಿತವಾಗಿ ಅಲ್ಲ.

“ರೀ, ಕೈ ಹಿಡ್ಕೊಳ್ಳಿ, ಕಳೆದುಹೋಗ್ತೀರಿ” ಎಂದರು ಹೆಂಡತಿ.

“ನಾನ್ಯಾಕೆ ಕಳೆದುಹೋಗಲಿ? ನೀನು ಹಿಡ್ಕೋ.”

ಯಾರು ಯಾರದನ್ನು ಹಿಡಿದರೋ, ಇಬ್ಬರ ಕೈಯೂ ಹಡಗುಕಟ್ಟೆಯ ಟಿಕೆಟ್ ಕಿಟಕಿಯವರೆಗೂ ಬಿಡಲಿಲ್ಲ.

ಕಿಟಕಿಯ ಹಿಂದೆ ಒಬ್ಬ ಅಜ್ಜಿ. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಮುಂದೆ ಅಜ್ಜಿಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನ ಕಾರ್ಡು ಯಂತ್ರ. ಇಷ್ಟು ದಿನ ಎಲ್ಲ ಕಡೆ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಸಾಕಾಗಿತ್ತು. ಈ ಯಂತ್ರ ಹಾಗಲ್ಲ. ಊರಿನವರ ಕಾರ್ಡಾದರೆ ಗುಟ್ಟಿನ ನಾಲ್ಕು ಅಂಕಿ ಕೇಳಿ ಸುಮ್ಮನಾಗುತ್ತಿತ್ತು. ಪರದೇಶದ ಕಾರ್ಡು ಕಂಡರೆ ಒಂದು ಉದ್ದನೆಯ ಚೀಟಿ ಹೊರಹಾಕಿ ‘ಸಹಿ ಮಾಡಿ’ ಎನ್ನುತ್ತಿತ್ತು.

ಸಹಿ ಎಂಬ ಮಾತು ಕೇಳಿದ್ದೇ ಭೂತಗನ್ನಡಿಯವರ ಎದೆ ಎರಡಂಗುಲ ಉಬ್ಬಿತು. ಅಂಗಿಯ ತೋಳು ಸರಿಸಿ, ಪೆನ್ನು ಹಿಡಿದು, ಒಂದು ಕ್ಷಣ ಸರೋವರದ ಕಡೆ ನೋಡಿ (ಅದೇ ತಪ್ಪಾದದ್ದು) ಸಹಿ ಮಾಡಿದರು. ಮಾಮೂಲಾಗಿ ಅವರದು ಕಬ್ಬಿಣದ ಗೇಟಿನಂಥ ಸಹಿ. ನೆಟ್ಟಗೆ ಎದ್ದು, ಬಲಕ್ಕೆ ತಿರುಗಿ, ಕೊನೆಗೊಂದು ಚಿಲಕ ಹಾಕಿಕೊಳ್ಳುವಂಥದ್ದು. ಅಂದು ಅದು ತೇಲಿಬಿಟ್ಟಿತು. ಅಕ್ಷರಗಳು ಒಂದರ ಹೆಗಲಿಗೊಂದು ಒರಗಿ, ನಿದ್ದೆಗಣ್ಣಲ್ಲಿ ಚೀಟಿಯಂಚಿನ ಕಡೆಗೆ ಹೊರಟುಹೋಗಿದ್ದವು.

ಅಜ್ಜಿ ಕನ್ನಡಕ ಏರಿಸಿ ಚೀಟಿ ನೋಡಿದರು. ಕಾರ್ಡು ತಿರುಗಿಸಿ ಅದರ ಬೆನ್ನ ಮೇಲಿನ ಬಿಳಿ ಪಟ್ಟಿಯಲ್ಲಿದ್ದ ಸಹಿ ನೋಡಿದರು. ಮತ್ತೆ ಚೀಟಿ. ಮತ್ತೆ ಕಾರ್ಡು. ಆಮೇಲೆ ಮೂವರಿಗೂ ಅರೆಬರೆಯಾಗಿ ಬರುತ್ತಿದ್ದ ಭಾಷೆಯಲ್ಲಿ, “ಇದು ಹೊಂದುವುದಿಲ್ಲ. ಇನ್ನೊಮ್ಮೆ” ಎಂದರು.

ಬೇರೆ ಯಾರಾದರೂ ರೇಗುತ್ತಿದ್ದರು. ಭೂತಗನ್ನಡಿಯವರಿಗೆ ಕಣ್ಣು ತುಂಬಿ ಬಂತು. ಇಷ್ಟು ದೂರದ ದೇಶದಲ್ಲಿ, ಇಂಥ ಮಂಜಿನಲ್ಲಿ, ತಮ್ಮ ಕುಲದವರೊಬ್ಬರು!

“ನೋಡಿದೆಯೇನೇ? ಹೀಗಿರಬೇಕು ಕೆಲಸ ಅಂದ್ರೆ. ಮೊದಲು ಸಹಿಯ ಬಾಲ ನೋಡಿದ್ರು, ಆಮೇಲೆ ತಲೆ. ನಾನೂ ಹಾಗೇ.”

“ಬಾಲ ತಲೆ ಆಮೇಲೆ ನೋಡೋಣ. ಬೇಗ ಹಾಕ್ರೀ, ಹಡಗು ಸೀಟಿ ಹೊಡೀತಿದೆ.”

ಎರಡನೆಯ ಸಹಿಯನ್ನು ಬಹಳ ಜಾಗ್ರತೆಯಿಂದ ಹಾಕಿದರು. ಅದು ಜಾಗ್ರತೆಯಿಂದ ಹಾಕಿದ ಸಹಿಯ ಹಾಗೇ ಕಂಡಿತು. ಅಂದರೆ, ಕಳ್ಳನ ಸಹಿಯ ಹಾಗೆ. ಅಜ್ಜಿ ಅಡ್ಡಡ್ಡ ತಲೆಯಾಡಿಸಿ ಪಾಸ್‌ಪೋರ್ಟ್ ಕೇಳಿದರು. ಕಾರ್ಡು ಮತ್ತು ಪಾಸ್‌ಪೋರ್ಟ್ ಒಂದೇ ಜೇಬಿನಲ್ಲಿ ಇರಬಾರದೆಂದು ಭೂತಗನ್ನಡಿಯವರು ಪಾಸ್‌ಪೋರ್ಟನ್ನು ಹೋಟೆಲಿನ ತಿಜೋರಿಯಲ್ಲಿಟ್ಟು ಬೀಗ ಹಾಕಿ ಬಂದಿದ್ದರು. ನಗದಿನ ವಿಷಯ ಹಲ್ಲುಜ್ಜುವಾಗಲೇ ತೀರ್ಮಾನವಾಗಿತ್ತು.

ಮೂರನೆಯ ಸಹಿ ಹೇಗಿತ್ತು ಎಂದು ಹೇಳದಿರುವುದೇ ಮರ್ಯಾದೆ.

ಅಜ್ಜಿಗೂ ಬೇಸರವಾಯಿತು. “ಅಯ್ಯಾ, ನಿಮ್ಮ ಮುಖ ನೋಡಿದರೆ ಒಳ್ಳೆಯವರ ಹಾಗೆ ಕಾಣುತ್ತೀರಿ. ಎರಡೂ ಒಂದೇ ಎಂದು ನೀವೇ ಎದೆ ಮುಟ್ಟಿಕೊಂಡು ಹೇಳಿ, ಟಿಕೆಟ್ ಕೊಟ್ಟುಬಿಡುತ್ತೇನೆ” ಎಂದರು.

ಹೆಂಡತಿ ‘ಸದ್ಯ’ ಎಂದು ಉಸಿರುಬಿಟ್ಟು ಸೆರಗು ಸರಿಮಾಡಿಕೊಂಡರು. ಕೆಲಸ ಆದ ಹಾಗೇ. ‘ಹೌದು’ ಎಂಬ ಎರಡಕ್ಷರ ಹೇಳಿದರೆ ಹತ್ತೊಂಬತ್ತು ವರ್ಷ ಗೋಡೆಯ ಮೇಲಿದ್ದ ಹಡಗು ಕಾಲಡಿಗೆ ಬರುತ್ತದೆ.

ಭೂತಗನ್ನಡಿಯವರು ಒಳಜೇಬಿನಿಂದ ಭೂತಗನ್ನಡಿ ತೆಗೆದರು.

“ರೀ, ಬೇಡ” ಎಂದರು ಹೆಂಡತಿ.

“ನನ್ನನ್ನ ಕೇಳಿದ್ದಾರೆ ಕಣೇ. ವೃತ್ತಿಯವರು ವೃತ್ತಿಯವರನ್ನ ಕೇಳಿದಾಗ…”

“ಹೌದು ಅನ್ನಿ ಸಾಕು. ನಿಮ್ಮ ದಮ್ಮಯ್ಯ.”

ಅವರು ಕಾರ್ಡನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟು, ಕಿಟಕಿಯ ಹಲಗೆಯ ಮೇಲೆ ಬಾಗಿ, ಅಜ್ಜಿಗೂ ಕಾಣುವಂತೆ ಕನ್ನಡಿ ಹಿಡಿದರು. “ನೋಡಿ ತಾಯೀ, ಕಾರ್ಡಿನ ಮೇಲಿರೋದು ಅಸಲಿ. ಏನು ಧೈರ್ಯ, ಏನು ಓಟ! ಎಲ್ಲೂ ಪೆನ್ನು ಎತ್ತಿಲ್ಲ. ಇದು ಹಾಕಿ ಹಾಕಿ ಪಳಗಿದ ಕೈ. ಚೀಟಿ ಮೇಲಿರೋದು ನೋಡಿ, ಮೂರು ಕಡೆ ತಡವರಿಸಿದೆ. ಇದನ್ನ ಹಾಕಿದೋನು ಆ ಸಹೀನ ದೂರದಿಂದ ನೋಡಿ ಕಲಿತಿದ್ದಾನೆ ಅಷ್ಟೆ. ಶುದ್ಧ ನಕಲಿ!”

ತೀರ್ಪು ಕೊಟ್ಟು ಕನ್ನಡಿ ಒರೆಸಿಕೊಂಡರು. ಆಮೇಲೆ, ನಕಲಿ ಹಾಕಿದವನು ಯಾರೆಂಬುದು ನೆನಪಾಗಿ, ಕನ್ನಡಿ ಒರೆಸುವುದನ್ನು ಸ್ವಲ್ಪ ನಿಧಾನ ಮಾಡಿದರು.

ಹಡಗು ಎರಡನೆಯ ಸೀಟಿ ಹೊಡೆಯಿತು. ಮಂಜಿನಲ್ಲಿ ಅದು ಯಾವುದೋ ದೊಡ್ಡ ಹಸು ನಿದ್ದೆಯಲ್ಲಿ ಕರುವನ್ನು ಕರೆದಂತಿತ್ತು.

ಹೆಂಡತಿ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು. “ಕಾರ್ಡಿನ ಮೇಲಿರೋದೇ ಅಸಲಿ. ಖಂಡಿತಾನಾ?” ಎಂದು ಮೆಲ್ಲಗೆ ಕೇಳಿದರು.

“ಮೂವತ್ತೊಂದು ವರ್ಷದ ಅನುಭವ ಕಣೇ! ಯಾವ ಕೋರ್ಟಿನಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.”

“ಹಾಗಾದ್ರೆ ಪಕ್ಕಕ್ಕೆ ಬನ್ನಿ.”

ಆಕೆ ಪೆನ್ನು ತೆಗೆದುಕೊಂಡು, ಸರೋವರವನ್ನೂ ನೋಡದೆ, ಚೀಟಿಯನ್ನೂ ಹೆಚ್ಚಾಗಿ ನೋಡದೆ, ಪಾತ್ರೆಗೆ ಮುಚ್ಚಳ ಮುಚ್ಚುವಷ್ಟು ಸಲೀಸಾಗಿ ಗಂಡನ ಸಹಿ ಹಾಕಿದರು. ಕಬ್ಬಿಣದ ಗೇಟು ನೆಟ್ಟಗೆ ಎದ್ದಿತು, ಬಲಕ್ಕೆ ತಿರುಗಿತು, ಚಿಲಕ ಬಿತ್ತು.

“ಏನೇ ಇದು! ಇದು ಅಪರಾಧ!”

“ಯಾಕೆ? ಅಸಲಿ ಅಂದ್ರಲ್ಲ ಈಗ. ಕಾರ್ಡು ಬಂದು ಮೂರು ವಾರ ಆಗಿತ್ತು. ‘ಒಳ್ಳೇ ಪೆನ್ನು ಸಿಗಲಿ, ಒಳ್ಳೇ ಮೂಡು ಬರಲಿ, ಆಮೇಲೆ ಹಾಕ್ತೀನಿ’ ಅಂತ ಅಲಮಾರಿ ಮೇಲೆ ಇಟ್ಟಿದ್ರಿ. ಹೊರಡೋ ದಿನ ಬೆಳಿಗ್ಗೆ ನೀವು ಕ್ಷೌರಕ್ಕೆ ಹೋಗಿದ್ರಿ. ನಾನೇ ಹಾಕಿ ಚೀಲಕ್ಕೆ ಸೇರಿಸಿದೆ.”

ಈ ಮಾತೆಲ್ಲ ಅಜ್ಜಿಗೆ ಅರ್ಥವಾಗಲಿಲ್ಲ. ಆದರೆ ಹೊಸ ಸಹಿ ನೋಡಿದ್ದೇ ಅವರ ಮುಖ ಅರಳಿತು. ಬಾಲ ನೋಡಿದರು, ತಲೆ ನೋಡಿದರು. ಕಾರ್ಡಿನ ಮೇಲಿದ್ದ ಹೆಸರು ಗಂಡಸಿನದೋ ಹೆಂಗಸಿನದೋ ಆ ಊರಿನವರಿಗೆ ಹೇಗೆ ತಿಳಿಯಬೇಕು?

“ಓಹೋ, ಕಾರ್ಡು ನಿಮ್ಮದೇ! ಮತ್ತೆ ಇವರ ಕೈಯಲ್ಲಿ ಯಾಕೆ ಸಹಿ ಹಾಕಿಸಿದಿರಿ?”

“ಏನು ಮಾಡೋದು, ಅವರಿಗೆ ಸಹಿ ಹಾಕೋದು ಅಂದ್ರೆ ಆಸೆ” ಎಂದರು ಹೆಂಡತಿ.

ಅಜ್ಜಿ ಭೂತಗನ್ನಡಿಯವರನ್ನು ಕನಿಕರದಿಂದ ನೋಡಿ, ಮಿಠಾಯಿಯ ಡಬ್ಬಿಯಿಂದ ಒಂದು ಮಿಠಾಯಿ ತೆಗೆದು ಕೊಟ್ಟರು. ಕಾರ್ಡನ್ನು ಹೆಂಡತಿಯ ಕೈಗಿಟ್ಟು, ಒಂದು ಟಿಕೆಟ್ ಹರಿದು, “ಇವರೂ ನಿಮ್ಮ ಜೊತೆಗೇ ಬರುತ್ತಾರೆಯೇ?” ಎಂದು ಕೇಳಿದರು.

ಹೆಂಡತಿ ಉತ್ತರ ಹೇಳಲು ತೆಗೆದುಕೊಂಡಷ್ಟು ಹೊತ್ತು ಮದುವೆಗೆ ಒಪ್ಪಲೂ ತೆಗೆದುಕೊಂಡಿರಲಿಲ್ಲ. ಕೊನೆಗೆ, “ಹೂಂ, ಬರಲಿ” ಎಂದರು.

ಹಡಗು ಕದಲಿತು. ದಡ, ದೀಪ, ಗೋಪುರ, ಅಜ್ಜಿ ಎಲ್ಲ ಒಂದೊಂದಾಗಿ ಹಾಲಿನಲ್ಲಿ ಕರಗಿದವು. ಗುಡ್ಡಗಳು ಮಂಜಿನಿಂದ ಅರ್ಧ ಮುಖ ತೋರಿಸಿ, ನಾಚಿಕೊಂಡು ಒಳಗೆ ಹೋಗುತ್ತಿದ್ದವು. ಹೆಂಡತಿ ಅಂಚಿನಲ್ಲಿ ಕೆನ್ನೆಗೆ ಕೈಕೊಟ್ಟು ನಿಂತಿದ್ದರು. ಅಷ್ಟು ಸುಖವಾಗಿದ್ದ ಮುಖವನ್ನು ಭೂತಗನ್ನಡಿಯವರು ಹತ್ತಿರದಿಂದ ನೋಡಿರಲಿಲ್ಲ. ಆದರೂ ಅವರ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು.

“ಏನೇ, ಇದೊಂದೇ ಸಲ ತಾನೆ ಹಾಕಿದ್ದು?”

“ಯಾವುದು?”

“ನನ್ನ ಸಹಿ.”

ಆಕೆ ನೀರಿನಿಂದ ಕಣ್ಣು ತೆಗೆಯದೆ, ಕನಸಿನಲ್ಲಿ ಮಾತಾಡಿದ ಹಾಗೆ ಹೇಳಿದರು: “ಮಕ್ಕಳ ಅಂಕಪಟ್ಟಿಗೆಲ್ಲ ನಾನೇ. ನಿಮ್ಮ ರಜಾ ಅರ್ಜಿಗೆ ನಾನೇ. ಮನೆ ಬಾಡಿಗೆ ಕರಾರಿಗೆ ನಾನೇ. ಹೊಲಿಗೆ ಯಂತ್ರ ತಗೊಂಡಾಗ ಚೆಕ್ಕಿಗೂ ನಾನೇ.”

“ಚೆಕ್ಕಿಗೆ? ಅದು ನನ್ನ ಮೇಜಿಗೇ ಬಂದಿರಬೇಕಲ್ಲೇ!”

“ಬಂದಿತ್ತು. ಪಾಸು ಮಾಡಿದ್ರಿ.”

ಭೂತಗನ್ನಡಿಯವರು ಹಡಗಿನ ಕಂಬಿ ಹಿಡಿದುಕೊಂಡರು. ಹಡಗು ಅಲುಗಾಡುತ್ತಿರಲಿಲ್ಲ. “ಸಾಧ್ಯವಿಲ್ಲ. ಕಪಾಟಿನಲ್ಲಿದ್ದ ಮಾದರಿಯ ಜೊತೆ ತಾಳೆ ನೋಡದೆ ನಾನು…”

“ತಾಳೆ ಆಗದೆ ಏನು? ನಿಮ್ಮ ಖಾತೆಯ ಮಾದರಿ ಕಾಗದ ಮನೆಗೆ ತಂದ ದಿನ ನಿಮಗೆ ಜ್ವರ. ‘ನೀನೇ ಏನಾದ್ರೂ ಗೀಚಿ ಕಳಿಸು’ ಅಂದು ಕಂಬಳಿ ಹೊದ್ದುಕೊಂಡ್ರಿ. ಗೀಚಿ ಕಳಿಸಿದೆ. ಆಮೇಲೆ ನೀವೂ ಅದನ್ನೇ ನೋಡಿಕೊಂಡು ಕಲಿತ್ರಿ. ಪರವಾಗಿಲ್ಲ, ಸುಮಾರಾಗಿ ಬರ್ತಿತ್ತು.”

ಮೂವತ್ತೊಂದು ವರ್ಷ ಊರವರ ಕೈಗಳಲ್ಲಿ ಕಳ್ಳರನ್ನು ಹುಡುಕಿದ ಮನುಷ್ಯ, ಪ್ರತಿ ತಿಂಗಳ ಸಂಬಳವನ್ನು ಹೆಂಡತಿಯ ಸಹಿ ನಕಲು ಮಾಡಿ ತೆಗೆದುಕೊಂಡಿದ್ದ. ಸಿಟ್ಟು ಬರಲಿ ಎಂದು ಅವರು ಕಾದರು. ಈ ಹವೆಗೆ ಅದೂ ತೇವಗೊಂಡಿತ್ತೋ ಏನೋ, ಹೊತ್ತಿಕೊಳ್ಳಲಿಲ್ಲ. ಬದಲು ಮೈಯೆಲ್ಲ ಹಗುರಾಗಿ, ತಾವೇ ಯಾರೋ ಗೀಚಿ ಕಳಿಸಿದ ಗೆರೆಯಂತೆ ನೀರ ಮೇಲೆ ತೇಲುತ್ತಿರುವ ಹಾಗೆ ಅನ್ನಿಸಿತು. ಅಜ್ಜಿ ಕೊಟ್ಟ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ನೀಲಿ ಟೋಪಿಯ ಟಿಕೆಟ್ ತಪಾಸಣೆಯವನು ಬಂದ. ಟಿಕೆಟುಗಳ ಮೇಲೆ ಮುದ್ರೆ ಒತ್ತಿ, ಪ್ರಯಾಣಿಕರ ದಪ್ಪ ಪುಸ್ತಕ ತೆರೆದು, ಇಬ್ಬರೂ ಒಂದೊಂದು ಸಹಿ ಹಾಕಬೇಕೆಂದ. ಹೆಂಡತಿ ಪೆನ್ನು ತೆಗೆದುಕೊಂಡರು. ಟಿಕೆಟ್ ಕೊಂಡದ್ದೇ ಆ ಸಹಿಯ ಮೇಲೆ, ಆದ್ದರಿಂದ ಕಾರ್ಡಿನ ಮೇಲಿದ್ದ ಸಹಿಯನ್ನೇ ಇಲ್ಲೂ ಹಾಕದೆ ಬೇರೆ ದಾರಿ ಇರಲಿಲ್ಲ. ಹಾಕಿ, ಪುಸ್ತಕವನ್ನು ಗಂಡನ ಕಡೆ ತಳ್ಳಿದರು.

ಭೂತಗನ್ನಡಿಯವರು ಪೆನ್ನು ಎತ್ತಿದರು. ಮೇಲಿನ ಸಾಲಿನಲ್ಲಿ ತಮ್ಮ ಸಹಿ ಆಗಲೇ ಕೂತಿತ್ತು, ನೆಟ್ಟಗೆ, ಚಿಲಕ ಸಮೇತ. ಕೆಳಗೆ ಅದನ್ನೇ ಮತ್ತೆ ಹಾಕಿದರೆ ಎರಡರಲ್ಲಿ ಒಂದು ನಕಲಿಯಾಗಬೇಕು. ಯಾವುದೆಂದು ತೀರ್ಪು ಕೊಟ್ಟು ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ವೃತ್ತಿಧರ್ಮ ಎಂಬುದೊಂದು ಇದೆಯಲ್ಲ. ಪೆನ್ನನ್ನು ಕೆಳಗಿಟ್ಟರು.

“ಯಾಕ್ರೀ?”

ಅವರು ಟೋಪಿಯವನ ಮುದ್ರೆಯ ಮಸಿಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅವನು ಅರ್ಥವಾಗದೆ ಮುಚ್ಚಳ ತೆರೆದು ಮುಂದೆ ಹಿಡಿದ. ಭೂತಗನ್ನಡಿಯವರು ಎಡಗೈ ಹೆಬ್ಬೆಟ್ಟನ್ನು ನೇರಳೆ ಮಸಿಯಲ್ಲಿ ಅದ್ದಿ, ಎರಡನೆಯ ಸಾಲಿನಲ್ಲಿ ದೃಢವಾಗಿ ಒತ್ತಿದರು.

ಹೆಂಡತಿ ಗಂಡನ ಒಳಜೇಬಿನಿಂದ ಭೂತಗನ್ನಡಿ ಎಳೆದು ಆ ಗುರುತನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಸೆರಗಿನ ತುದಿಯಿಂದ ಅವರ ಬೆರಳು ಒರೆಸುತ್ತ,

“ಎಷ್ಟು ಚೆನ್ನಾಗಿ ಬಂದಿದೆ ನೋಡಿ” ಎಂದರು. “ಮೊದಲಿಂದಲೂ ಇದನ್ನೇ ಹಾಕಿದ್ದಿದ್ರೆ ನನಗೂ ಎಷ್ಟೋ ಕೆಲಸ ಉಳೀತಿತ್ತು.”