ಅತ್ತೆಯನ್ನು ಬೈದವರ ಪಾಡು

ನನ್ನ ಸೋದರತ್ತೆಯನ್ನು ಬೈಯುವುದು ಸುಲಭದ ಕೆಲಸವಲ್ಲ. ಬೈದವರಿಗೆ ಅವರು ಪಾಠ ಮಾಡುತ್ತಾರೆ!

ಚಿಕ್ಕಬಾಣಾವರದ ಅವರ ಬೀದಿಗೆ ಒಂದು ಬೆಳಗ್ಗೆ ನೀರಿನ ಟ್ಯಾಂಕರ್ ಬಂದಿತ್ತು. ಸಾಲು ತಪ್ಪಿಸಿ ನುಗ್ಗಿದ ಪಕ್ಕದ ಮನೆಯಾತನನ್ನು ಅತ್ತೆ ತಡೆದರು. ಆತ ರೇಗಿ, "ಒಳ್ಳೇ ಬಜಾರಿ ಸಹವಾಸ ಆಯ್ತಲ್ಲಪ್ಪ" ಅಂದ. ಅತ್ತೆಯ ಮುಖ ಅರಳಿತು.

"ಬಜಾರು ಅಂದ್ರೆ ಪೇಟೆ ಕಣಪ್ಪ. ಫಾರ್ಸಿಯಿಂದ ಬಂದ ಮಾತು. ಪೇಟೇಲಿ ನಿಂತು ನಾಲ್ಕು ಮಾತಾಡಿದ ಗಂಡಸು ವ್ಯಾಪಾರಿ ಆದ, ಹೆಂಗಸು ಬಜಾರಿ ಆದ್ಲು. ಯಾಕಿರಬಹುದು, ಹೇಳು?"

ಆತ ಯೋಚಿಸುತ್ತ ನಿಂತ. ಅಷ್ಟರಲ್ಲಿ ಟ್ಯಾಂಕರ್ ಖಾಲಿಯಾಯಿತು.

ಓದಿದ ಹೆಂಗಸರನ್ನು ಜನ ಯಾವ ಕಾಲದಲ್ಲಿ ಏನೆಂದು ಕರೆದರು ಎಂಬುದೇ ಅತ್ತೆಯ ಹುಚ್ಚು. ಹೈಸ್ಕೂಲಿನ ಕನ್ನಡ ಟೀಚರ್ ಕೆಲಸದಿಂದ ನಿವೃತ್ತರಾದವರು ಇದರ ಮೇಲೆಯೇ ಪಿಎಚ್‌.ಡಿ.ಗೆ ಸೇರಿಬಿಟ್ಟರು. ನೆಂಟರೆಲ್ಲ ನಕ್ಕರು.

ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅತ್ತೆ ಹಾಜರು. ಹುಡುಗನ ತಾಯಿ ಮೆಲ್ಲಗೆ, "ಹುಡುಗಿ ತುಂಬಾ ಪ್ರೌಢವಾಗಿ ಮಾತಾಡ್ತಾಳೆ" ಎಂದರು. ಸಾಕಲ್ಲ!

"ಪ್ರೌಢ ಅಂದ್ರೆ ಗಂಡಸಿಗೆ ಪಾಂಡಿತ್ಯ. ಪ್ರೌಢೆ ಅಂದ್ರೆ ಹೆಂಗಸಿಗೆ ವಯಸ್ಸು. ನೀವು ಯಾವ್ದು ಹೇಳಿದ್ರಿ?"

ಅಲ್ಲಿಂದ ಮಾತು ಸಂಸ್ಕೃತಕ್ಕೆ ಏರಿತು. ತಾನೇ ಪಾಠ ಹೇಳುವವಳು ಆಚಾರ್ಯಾ. ಆಚಾರ್ಯನ ಹೆಂಡತಿ ಆಚಾರ್ಯಾನೀ. "ನಿಮ್ಮನೆಗೆ ಯಾರು ಬೇಕು?"

ಉಪ್ಪಿಟ್ಟು ತಣ್ಣಗಾಯಿತು, ಸಂಬಂಧವೂ. ಉಳಿದ ಕೇಸರಿಬಾತನ್ನು ನಾನು ಬಹಳ ನೆಮ್ಮದಿಯಿಂದ ತಿಂದೆ.

ಇಂಥ ಅತ್ತೆಯೂ ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆಯ ದಿನ ಬೆವರುತ್ತಿದ್ದರು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದ ಮಾವ ಅವರನ್ನು ಸ್ಕೂಟರಿನಲ್ಲಿ ಕರೆತಂದು, ಸಭಾಂಗಣದ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ಅತ್ತೆ ಒಂದೊಂದೇ ಪ್ರಶ್ನೆಗೆ ಉತ್ತರಿಸುತ್ತ ಬಂದರು. ಕೊನೆಗೆ ಪರೀಕ್ಷಕರೊಬ್ಬರು ಕುರ್ಚಿಗೆ ಒರಗಿ ಕೇಳಿದರು: "ಇಷ್ಟೊಂದು ಪದ ಹುಡುಕಿದ್ದೀರಿ. ಮನೇಲಿ ನಿಮ್ಮನ್ನ ಏನಂತ ಕರೀತಾರೆ?"

ಸಭೆ ಗೊಳ್ಳೆಂದಿತು. ಅತ್ತೆ ನಗಲಿಲ್ಲ. ಅವರ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಪಕ್ಕದಲ್ಲಿ ಮಾವ ಎದ್ದು ನಿಂತರು, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡೇ.

"ಎಸ್ರಿಡ್ದು ಕರೀತೀನಿ ಸಾರ್," ಎಂದರು. "ಅವ್ಳಿಗೆ ಎಸ್ರೈತಲ್ಲ."

ನಗು ನಿಂತಿತು. ಮಾವ ಅಲ್ಲಿಂದಲೇ ಹೆಸರು ಹಿಡಿದು ಕರೆದು, "ಸ್ವಲ್ಪ ನೀರು ಕುಡಿ" ಅಂದರು. ಅತ್ತೆ ಲೋಟ ಎತ್ತಿದರು. ಅರ್ಧ ನೀರು ಸೆರಗಿನ ಮೇಲೆ ಚೆಲ್ಲಿತು.