ಪರದೆ ಬಿಟ್ಟು ಇಳಿದ ಚಂದ್ರ

ಇಷ್ಟೆಲ್ಲ ಅವಾಂತರಕ್ಕೆ ಕಾರಣವಾದದ್ದು ಒಂದು ತುಂಡು ಬಿಸಿಲು. ವರ್ತೂರಿನ ಆ ಶಾಲೆಯ ಆರನೇ ಕ್ಲಾಸಿನ ಕಿಟಕಿಗಳಿಗೆ ಸರಳುಗಳಿದ್ದವೇ ಹೊರತು ಬಾಗಿಲುಗಳಿರಲಿಲ್ಲ. ಒಳಗೆ ನುಗ್ಗಿದ ಬಿಸಿಲು ನೆಟ್ಟಗೆ ಹೋಗಿ ಪ್ರೊಜೆಕ್ಟರಿನ ಬಿಳಿ ಪರದೆಯ ಮೇಲೆ ಕೂರುತ್ತಿತ್ತು. ಬಸಲಿಂಗ ಅಷ್ಟು ಕಷ್ಟಪಟ್ಟು ಕಂಪ್ಯೂಟರಿನಲ್ಲಿ ಬರೆದ ಚಂದ್ರ ಅದರ ಮುಂದೆ ಎಲ್ಲಿದ್ದಾನೆಂದೇ ಕಾಣುತ್ತಿರಲಿಲ್ಲ.

ಬಸಲಿಂಗ ಇಂಗ್ಲಿಷ್ ಮೇಷ್ಟ್ರಾಗಬೇಕೆಂದು ಬಿ.ಎಡ್. ಓದುತ್ತಿದ್ದ. ಅವತ್ತು ಮಧ್ಯಾಹ್ನ ಕಾಲೇಜಿನಿಂದ ಹೇಮಲತಾ ಮೇಡಂ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಅವನ ಕೊನೆಯ ಅಭ್ಯಾಸ ಪಾಠ ನೋಡುವವರಿದ್ದರು. ಪಾಠ ಪ್ರೊಜೆಕ್ಟರಿನಲ್ಲೇ ಆಗಬೇಕು. ಹಿಂದಿನ ಸಲ ಅವನು ರಿಮೋಟನ್ನು ತಿರುಗಾಮುರುಗಾ ಹಿಡಿದು ತನ್ನ ಹೊಟ್ಟೆಯ ಕಡೆಗೇ ಒತ್ತುತ್ತಾ ನಿಂತಿದ್ದನ್ನು ನೋಡಿ ಮೇಡಂ, "ಇನ್ನೊಂದ್ಸಲ ಚಾನ್ಸ್ ಕೊಡ್ತೀನಿ. ಆಗ್ಲೂ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷ" ಎಂದಿದ್ದರು. ಇತ್ತ ಬ್ರೂಕ್‌ಫೀಲ್ಡಿನ ಶಾಲೆಯೊಂದು, ಇವನಿಗೆ ಸ್ಮಾರ್ಟ್ ಕ್ಲಾಸ್ ನಡೆಸಲು ಬರುತ್ತದೆ ಎಂದು ಅದೇ ಮೇಡಂ ಬರೆದುಕೊಟ್ಟರೆ ಜೂನಿನಿಂದ ಕೆಲಸ ಕೊಡುತ್ತೇವೆ ಎಂದಿತ್ತು.

ಅಂದಿನಿಂದ ಬಸಲಿಂಗ ನೆಲದ ಮೇಲೆ ನಡೆದದ್ದೇ ಕಡಿಮೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಸಾಕು, ಕಣ್ಣ ಮುಂದೆ ಬ್ರೂಕ್‌ಫೀಲ್ಡಿನ ಕ್ಲಾಸು ತೆರೆದುಕೊಳ್ಳುತ್ತಿತ್ತು. ಅವನು ಬೆರಳು ಆಡಿಸುತ್ತಿದ್ದ, ಗೋಡೆಯ ಮೇಲೆ ಚಂದ್ರ ಹುಟ್ಟುತ್ತಿದ್ದ, ಚಂದ್ರ ಮೆಲ್ಲಗೆ ಕೆರೆಗಿಳಿದು ನೀರು ಕುಡಿಯುತ್ತಿದ್ದ, ಬೂಟು ಹಾಕಿದ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಅಷ್ಟರಲ್ಲಿ ಕಂಡಕ್ಟರು, "ನಿಮ್ ಸ್ಟಾಪ್ ಹಿಂದೇನೇ ಹೋಯ್ತು ಗುರು" ಎನ್ನುತ್ತಿದ್ದ.

ಬಿಸಿಲಿನ ತೊಂದರೆಯನ್ನು ಅವನು ಬೆಳಿಗ್ಗೆ ಮನೆಯ ಓನರ್ ವೆಂಕಟಮ್ಮನ ಮುಂದೆ ಹೇಳಿದ್ದೇ ತಪ್ಪಾಯಿತು. ಶಾಲೆಯ ಗೋಡೆಗೆ ಅಂಟಿಕೊಂಡೇ ಇದ್ದ ರಾಗಿ ಹೊಲದಲ್ಲಿ ಬಾಡಿಗೆ ರೂಮುಗಳನ್ನು ಎಬ್ಬಿಸಿದ ಆಕೆಗೆ ಈಗ ಬೆಳೆಯಿಲ್ಲ, ಕಳೆಯಿಲ್ಲ. ಬಾಡಿಗೆದಾರರ ಬದುಕು ತಿದ್ದುವುದೇ ಕೆಲಸ.

"ಅದಕ್ಯಾಕ್ ಇಂಗೆ ಮೊಕ ಸಪ್ಗೆ ಮಾಡ್ಕಂಡಿದ್ದೀಯ? ನಮ್ ಮಾವನ ಕಾಲದ ಕರೀ ಕಂಬ್ಳಿಗಳವೆ. ಕಿಟ್ಕಿಗೆ ಕಟ್ಬುಡು, ಅಮಾಸೆ ಆಯ್ತದೆ" ಎಂದರು ವೆಂಕಟಮ್ಮ. ಆಮೇಲೆ ಇನ್ನೂ ಏನೋ ಹೊಳೆದು, "ಅಸ್ಕಂಡಿರೋ ಮಕ್ಳಿಗೆ ಪಾಟ ತಲೆಗತ್ತಲ್ಲ ಕಣಪ್ಪ. ಎಂಗೂ ಇವತ್ತು ಮೊಮ್ಮಗ್ಳು ಉಟ್ಟಿದ್ದಬ್ಬ. ಎಲ್ಲಾರ್ಗೂ ಒಬ್ಬಟ್ಟಿನ ಊಟ ನಂದೇ" ಎಂದರು.

ಬೇಡವೆನ್ನಲು ಬಸಲಿಂಗನಿಗೆ ಧೈರ್ಯವಿರಲಿಲ್ಲ. ಕಂಬಳಿ ಕಟ್ಟಲು ಬಂದ ಸಹಪಾಠಿ ಯಮುನಾ ತನ್ನ ಪಾಲಿನ ಉಪಕಾರವನ್ನೂ ಸೇರಿಸಿದಳು. "ಚಂದ್ರ ಸುಮ್ನೆ ಬಂದ್ರೆ ಏನ್ ಚೆಂದ ಮಗಾ? ಹಿಂದೆ ಮ್ಯೂಸಿಕ್ ಇರ್ಬೇಕು. ನನ್ ಫೋನಲ್ಲಿ ಸಕ್ಕತ್ ಕೊಳಲಿದೆ, ಇಟ್ಟಿರ್ತೀನಿ" ಎಂದು ಫೋನನ್ನು ಮೇಜಿನ ಕೆಳಗಿಟ್ಟು ಹೋದಳು.

ಮಧ್ಯಾಹ್ನ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತೇ ಬಂದ ಹೇಮಲತಾ ಮೇಡಂ ಶಾಲೆಯ ಗೇಟು ದಾಟುವ ಮೊದಲೇ ವೆಂಕಟಮ್ಮನ ಕೈಗೆ ಸಿಕ್ಕರು. "ಡಯಟ್ಟು ಕಣ್ರೀ" ಎಂದದ್ದು ನಡೆಯಲಿಲ್ಲ. ಮಕ್ಕಳ ಪಂಕ್ತಿಯಲ್ಲೇ ಎಲೆಯ ಮುಂದೆ ಕೂರಿಸಿ, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿ, ಅದು ತೇಲುವಷ್ಟು ತುಪ್ಪ ಸುರಿದರು ವೆಂಕಟಮ್ಮ. ಬೆಲ್ಟಿನ ಬಟ್ಟೆ ಬಿಟ್ಟು ಸೀರೆ ಉಟ್ಟದ್ದು ಒಳ್ಳೆಯದಾಯಿತು ಎಂದುಕೊಂಡೇ ಮೇಡಂ ಎದ್ದು ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಕೋಣೆ ನಿಜಕ್ಕೂ ಅಮಾವಾಸ್ಯೆಯಾಗಿತ್ತು. ತಲೆಯ ಮೇಲೆ ಫ್ಯಾನು, ಮೇಜಿನ ಕೆಳಗೆ ಕೊಳಲು, ಹೊರಗೆ ದೂರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಾಂಕ್ರೀಟ್ ಮಿಕ್ಸರಿನ ಗುರುಗುರು. ಬಸಲಿಂಗ ರಿಮೋಟನ್ನು ಈ ಸಲ ಸರಿಯಾಗಿಯೇ ಹಿಡಿದು ಒತ್ತಿದ. ಪರದೆ ನೀಲಿಯಾಯಿತು. ಅದರ ಮೂಲೆಯಲ್ಲಿ 'ನೋ ಸಿಗ್ನಲ್' ಎಂದು ಬಂತು. ಅವನು ಮತ್ತೆ ಒತ್ತಿದ. ವೈರು ಕಿತ್ತು ಚುಚ್ಚಿದ, ಊದಿ ಚುಚ್ಚಿದ, ಮನೆದೇವರನ್ನು ನೆನೆದು ಚುಚ್ಚಿದ. ನೀಲಿ ನೀಲಿಯಾಗಿಯೇ ಉಳಿಯಿತು. ಬೆಳದಿಂಗಳಿನಂಥ ಆ ತಂಪು ಬೆಳಕು ಮಕ್ಕಳ ಮುಖದ ಮೇಲೆಲ್ಲ ಹರಡಿಕೊಂಡಿತು.

ತಲೆಯೆತ್ತಿ ನೋಡಿದರೆ ಮುಂದಿನ ಸಾಲಿನ ಮಕ್ಕಳೆಲ್ಲ ನಿದ್ದೆ ಹೋಗಿದ್ದಾರೆ. ಒಬ್ಬಳು ಡೆಸ್ಕಿನ ಮೇಲೆ ಕೆನ್ನೆಯಿಟ್ಟು ಕನಸಿನಲ್ಲೇ ಒಬ್ಬಟ್ಟು ಅಗಿಯುತ್ತಿದ್ದಾಳೆ. ಗದರಿಸಿ ಎಬ್ಬಿಸಿದರೆ ಇವರು ಮಲಗಿದ್ದು ಕತ್ತಲಲ್ಲಿ ಕೂತ ಮೇಡಂಗೆ ಗೊತ್ತಾಗಿಬಿಡುತ್ತದೆ. ಎಬ್ಬಿಸದಿದ್ದರೆ ಪಾಠ ಯಾರಿಗೆ? ಕೊನೆಗೆ ಅವನು ಜೋಗುಳದಷ್ಟು ಮೆಲ್ಲನೆಯ ದನಿಯಲ್ಲಿ, ಖಾಲಿ ನೀಲಿಯನ್ನು ತೋರಿಸಿ, "ದಿಸ್ ಈಸ್ ದಿ ಮೂನ್" ಎಂದ. "ದಿ ಮೂನ್ ಈಸ್ ಕಮಿಂಗ್ ಡೌನ್" ಎಂದ. ಉಳಿದ ಸಾಲುಗಳೂ ಮಲಗಿದವು. ಹಿಂದಿನ ಬೆಂಚಿನಿಂದ ಒಂದು ಮಾತೂ ಬರಲಿಲ್ಲ. ಮೇಡಂಗೆ ಸಿಟ್ಟು ಬಂದಿದೆ ಎಂದುಕೊಂಡ. ಬ್ರೂಕ್‌ಫೀಲ್ಡು ಕಣ್ಣೆದುರೇ ಮುಳುಗುತ್ತಿತ್ತು. ಪಾಪ, ಅಷ್ಟು ದುಃಖ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಬೆಲ್ಲು ಹೊಡೆಯಿತು. ಅದಕ್ಕೇ ಕಾದಿದ್ದವರಂತೆ ವೆಂಕಟಮ್ಮ ಹೊರಗಿನಿಂದ ಕಂಬಳಿಗಳನ್ನು ಎಳೆದುಕೊಂಡರು. ಬಿಸಿಲು ದಬದಬನೆ ಒಳಗೆ ಬಿತ್ತು. ಮಕ್ಕಳು ಕಣ್ಣುಜ್ಜುತ್ತಾ ಎದ್ದು ಕೂತರು. ಹೇಮಲತಾ ಮೇಡಂ ನಿಧಾನವಾಗಿ ನಡೆದು ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಬಸಲಿಂಗ, ಇಷ್ಟು ವರ್ಷದಲ್ಲಿ ಇಂಥ ಪಾಠ ನಾನು ನೋಡಿರ್ಲಿಲ್ಲ."

"ತಪ್ಪಾತ್ರಿ ಮೇಡಂ. ಪ್ರೊಜೆಕ್ಟರ್ ಹತ್ತಲೇ ಇಲ್ರಿ..."

"ಹತ್ತಿದ್ದೇ ಗೊತ್ತಾಗ್ಲಿಲ್ಲ. ಟೆಕ್ನಾಲಜಿ ಅಂದ್ರೆ ಹಾಗಿರ್ಬೇಕು, ಇದೆ ಅಂತಾನೇ ಅನ್ನಿಸಬಾರ್ದು. ಆ ಚಂದ್ರ ಪರದೆಯಿಂದ ಆಚೆ ಬಂದ್ನಲ್ಲ, ಬೆಂಚಿಂದ ಬೆಂಚಿಗೆ ಹಾರ್ಕೊಂಡು ಬಂದು ನನ್ ಮಡಿಲಲ್ಲಿ ಕೂತ್ನಲ್ಲ, ಕೈಗೆ ತಣ್ಣಗೆ ತಗುಲಿದ ಹಾಗೇ ಆಯ್ತು. ಕೆರೆ ನೀರು ಎಷ್ಟು ತಿಳಿಯಾಗಿತ್ತು. ನಮ್ ವರ್ತೂರು ಕೆರೆನಾ ಅದು?"

ಬಸಲಿಂಗ ಮೇಡಂ ಮುಖವನ್ನೇ ನೋಡಿದ. ಎಡಗೆನ್ನೆಯ ಉದ್ದಕ್ಕೂ ಅವರ ಬ್ಯಾಗಿನ ಜಿಪ್ಪು ಅಚ್ಚೊತ್ತಿದಂತೆ ಮೂಡಿತ್ತು.

"ಮಕ್ಳೇ, ಚಂದ್ರ ಹೇಗಿದ್ದ?" ಎಂದು ಮೇಡಂ ಕೇಳಿದರು.

ಏನು ನಡೆಯಿತೆಂದೇ ಗೊತ್ತಿಲ್ಲದ ಮಕ್ಕಳು ಒಂದೇ ರಾಗದಲ್ಲಿ, "ವೆರಿ ನೈಸ್ ಮಿಸ್" ಎಂದರು.

ಹೊಗಳಿಕೆ ಬಿಸಿತುಪ್ಪವಾಯಿತು. ನಿಜ ಹೇಳಿದರೆ ಮೇಡಂ ಮಲಗಿದ್ದರೆಂದು ಹೇಳಬೇಕು, ಹೇಳದಿದ್ದರೆ ಕೆಲಸ ಸಿಗುತ್ತದೆ. ಬಸಲಿಂಗ ನುಂಗುವುದೆಂದೇ ತೀರ್ಮಾನಿಸಿದ. "ಬರ್ದು ಕೊಡ್ತೀರೇನ್ರಿ ಮೇಡಂ?"

"ಇವತ್ತು ಬೇಡ. ಇಂಥದ್ದನ್ನ ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ನಾಳೆ ಬೆಳಿಗ್ಗೆ ಮೊದಲನೇ ಪೀರಿಯಡ್‌ಗೆ ಪ್ರಿನ್ಸಿಪಾಲರನ್ನ ಕರ್ಕೊಂಡು ಬರ್ತೀನಿ, ಆ ಬ್ರೂಕ್‌ಫೀಲ್ಡಿನವರಿಗೂ ಹೇಳ್ತೀನಿ. ಇದೇ ಪಾಠ ಮಾಡಿ. ಅವರ ಮುಂದೇನೇ ಬರೆದುಕೊಡ್ತೀನಿ. ಚಂದ್ರ ಮಾತ್ರ ಆಚೆ ಬರ್ಲೇಬೇಕು ನೋಡಿ, ಅದಿಲ್ದೆ ಏನಿಲ್ಲ."

ಮೇಡಂ ಹೋದ ಮೇಲೆ, ಬಾಗಿಲಾಚೆ ನಿಂತು ಹೊಗಳಿಕೆ ಕೇಳಿಸಿಕೊಂಡಿದ್ದ ಯಮುನಾ ಓಡಿ ಬಂದು, "ಯಾವ ಆ್ಯಪ್ ಮಗಾ ಅದು? ನಂಗೂ ಕಳ್ಸು" ಎಂದಳು. ಬಸಲಿಂಗ ಹೊರಗೆ ನಡೆದ. ವೆಂಕಟಮ್ಮ ಕಟ್ಟೆಯ ಮೇಲೆ ಕೂತು ಕಂಬಳಿ ಮಡಿಸುತ್ತಿದ್ದರು. ಅವನಿಗೆ ಉಳಿದಿದ್ದದ್ದು ಒಂದೇ ದಾರಿ.

"ಅಮ್ಮಾರ, ನಾಳಿಗೂ ಕಂಬಳಿ ಬೇಕ್ರಿ. ಮತ್ತ... ಬೆಳಿಗ್ಗೆನ ಎಲ್ಲಾರಿಗೂ ಒಬ್ಬಟ್ಟಿನ ಊಟ ಹಾಕಿಸಾಕ ಆಗ್ತೈತೇನ್ರಿ? ತುಪ್ಪ ಜಾಸ್ತಿ ಇರ್ಲಿ."

ವೆಂಕಟಮ್ಮ ಅವನನ್ನು ಎಳೆಯ ಮಗುವನ್ನು ನೋಡುವಂತೆ ನೋಡಿದರು.

"ಯಾವ ಬುದ್ದಿ ಕಲ್ತ್ಯಪ್ಪ ನೀನು? ಒಬ್ಬಟ್ಟು ತಿಂದ್ರೆ ನಿದ್ದೆ ಬತ್ತದೆ, ಚಂದ್ರನ್ ನೋಡೋರು ಯಾರು? ಮೇಡಂ ಅಂದಿದ್ದು ನಾನೂ ಕೇಳುಸ್ಕಂಡೆ. ಊರಿಗೆಲ್ಲ ಯೋಳ್ಕಳ್ಸಿವ್ನಿ, ಎಲ್ಲಾರೂ ಬತ್ತಾರೆ. ನೀನೇನೂ ಯೋಚ್ನೆ ಮಾಡ್ಬೇಡ" ಎಂದು ಅವನ ಬೆನ್ನು ಸವರಿದರು. "ಒಬ್ರೂ ತೂಕಡಿಸ್ದಂಗೆ ಬೆಳಿಗ್ಗೆನೇ ಒಂದ್ ಅಂಡೆ ಸ್ಟ್ರಾಂಗ್ ಕಾಫಿ ಕಾಯ್ಸ್ಕಂಡು ಬತ್ತೀನಿ."