ಪ್ಲಗ್ಗಿಲ್ಲದ ಕಾರಿನ ಮೇಲೆ ಕಳವಿನ ಆರೋಪ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಒಂದು ಬಂದ್ ದಿನ ಪೀಣ್ಯದ ಆ ಸರ್ಕಾರಿ ಕಾರ್ಖಾನೆಯಲ್ಲಿ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಕುಲುಮೆಯ ಒಡಲಲ್ಲಿ ಎರಡು ಟನ್ ಕಬ್ಬಿಣ ಕುದಿಯುತ್ತಿತ್ತು. ಅದು ಹೆಪ್ಪುಗಟ್ಟಿದರೆ ಕುಲುಮೆಯ ಕತೆಯೇ ಮುಗಿದಂತೆ. ಡೀಸೆಲ್ ಜನರೇಟರನ್ನು ಎಬ್ಬಿಸಬೇಕಾಗಿದ್ದ ಬ್ಯಾಟರಿಯೇ ಸತ್ತು ಬಿದ್ದಿತ್ತು. ಬೇರೊಂದನ್ನು ಬೇಡಿ ತರೋಣವೆಂದರೆ ರಸ್ತೆಯಲ್ಲಿ ಒಂದು ಲಾರಿಯೂ ಇಲ್ಲ. ಆಗ ಮೂವತ್ತರ ಹರೆಯದ ಸುಧೀಂದ್ರರಾಯರು ಹಳೆಯ ಜೀಪೊಂದರ ಡೈನಮೋವನ್ನು ತಮ್ಮ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಬೆಲ್ಟಿನಿಂದ ಬಿಗಿದು, ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡು ಗಂಟೆ ಎಡೆಬಿಡದೆ ತುಳಿದರು. ಬ್ಯಾಟರಿ ಕಣ್ಣು ಬಿಟ್ಟಿತು, ಜನರೇಟರು ಗುಡುಗಿತು, ಕುಲುಮೆ ಉಳಿಯಿತು. ನಿವೃತ್ತಿಯ ದಿನ ಕಾರ್ಖಾನೆಯವರು ಅದೇ ಬ್ಯಾಟರಿಗೆ ಶಾಲು ಹೊದಿಸಿ ರಾಯರ ಕೈಗಿತ್ತರು.

ಈ ಕತೆಯನ್ನು ಹೇಳಲು ರಾಯರಿಗೆ ಸರಿಯಾಗಿ ಇಪ್ಪತ್ತು ನಿಮಿಷ ಬೇಕು. ಕೊನೆಯ ವಾಕ್ಯ ಎಂದೂ ಬದಲಾದದ್ದಿಲ್ಲ: “ಪ್ಲೇಟು ಮೂರು ಸಲ ಬದಲಾಯಿಸಿರಬಹುದು, ಆದರೆ ಆ ಬ್ಯಾಟರಿ ಇವತ್ತಿಗೂ ಜೀವಂತವಾಗಿದೆ ಕಣ್ರೀ!” ಅವರ ಹೆಂಡತಿ ಪ್ರಭಾ ಕೊಡುತ್ತಿದ್ದ ಉತ್ತರವೂ ಬದಲಾದದ್ದಿಲ್ಲ: “ಜೀವಂತವಾಗಿರಲಿ, ನೂರು ವರ್ಷ ಬಾಳಲಿ. ನನ್ನ ಮನೆಯೊಳಗೆ ಮಾತ್ರ ಬೇಡ.”

ಕಳೆದ ಜನವರಿಯಲ್ಲಿ ದಂಪತಿ ಕಾರ್ಖಾನೆಯ ಹಳೆಯ ಬಡಾವಣೆಯನ್ನು ಬಿಟ್ಟು ಮಹದೇವಪುರದ ಅಪಾರ್ಟ್‌ಮೆಂಟೊಂದಕ್ಕೆ ಬಂದರು. ಅವರ ಜೊತೆಗೆ ಹೊಸದೊಂದು ಹೈಬ್ರಿಡ್ ಕಾರೂ ಬಂತು. ತೊಂದರೆ ಶುರುವಾದದ್ದು ಆ ಕಾರಿನಿಂದ. ಅಥವಾ ಎಲ್ಲರೂ ಹಾಗೆಂದುಕೊಂಡರು.

ಒಂದು ಭಾನುವಾರ ಬೆಳಿಗ್ಗೆ ರಾಯರು ಬೇಸ್‌ಮೆಂಟಿಗೆ ಇಳಿದಾಗ ಕಾರಿನ ಗಾಜಿಗೆ ಒಂದು ನೋಟಿಸು ಅಂಟಿಕೊಂಡಿತ್ತು. ‘ಸಾರ್ವಜನಿಕ ಕರೆಂಟನ್ನು ಕದ್ದು ಕಾರು ಚಾರ್ಜ್ ಮಾಡುತ್ತಿರುವುದಕ್ಕೆ ಮಧ್ಯಾಹ್ನ ಹನ್ನೆರಡರೊಳಗೆ ಸಮಜಾಯಿಷಿ ಕೊಡತಕ್ಕದ್ದು. ತಪ್ಪಿದಲ್ಲಿ ಹೆಸರನ್ನು ಲಿಫ್ಟಿನ ಬಾಗಿಲಿಗೆ ಹಚ್ಚಲಾಗುವುದು.’

ಮೂವತ್ತಾರು ವರ್ಷಗಳ ನೌಕರಿಯಲ್ಲಿ ಒಂದು ವಾಷರನ್ನೂ ಜೇಬಿಗಿಳಿಸದ ರಾಯರು ನೋಟಿಸನ್ನು ಎರಡೆರಡು ಸಲ ಓದಿದರು. ಬಂದವರು ಹೋದವರೆಲ್ಲ ತಮ್ಮ ಹೆಸರನ್ನು ಓದಿಕೊಂಡು ಲಿಫ್ಟು ಹತ್ತುವ ಚಿತ್ರ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಹನುಮಂತರಾಯಪ್ಪನವರು ಪರಿವಾರಸಮೇತ ಬಂದರು. ಅಪಾರ್ಟ್‌ಮೆಂಟು ನಿಂತಿರುವ ನೆಲವೇ ಒಂದು ಕಾಲಕ್ಕೆ ಅವರ ಹೊಲ. “ನೋಡಿ ರಾಯ್ರೇ, ಇದು ನಮ್ಮಪ್ಪ ರಾಗಿ ಬಿತ್ತುತಿದ್ದ ಜಾಗ. ಇಲ್ಲಿ ಒಂದ್ ಕಡ್ಡಿ ಅಲ್ಲಾಡಿದ್ರೂ ನಂಗೆ ಗೊತ್ತಾಯ್ತದೆ. ನೀವು ಬಂದ ತಿಂಗಳಿಂದ್ಲೇ ಬೇಸ್‌ಮೆಂಟ್ ಮೀಟರು ತಿಂಗ್ಳಿಗೆ ನೂರು ಯೂನಿಟ್ ಜಾಸ್ತಿ ಓಡ್ತಾ ಐತೆ.”

“ಹಿಂದ್ಗಡೆ ಹೈಬ್ರಿಡ್ ಅಂತ ಬರ್ದಿದೆ ಅಂಕಲ್,” ಎಂದು ಕಾರ್ಯದರ್ಶಿ ಶೋಭಾರಾಣಿ ವಕೀಲರಂತೆ ಬೆರಳೆತ್ತಿದರು. “ಅಂದ್ರೆ ಬ್ಯಾಟರಿ ಕಾರು. ಆದ್ರೆ ನೀವು ಚಾರ್ಜ್ ಮಾಡೋದನ್ನ ಒಬ್ರೂ ನೋಡಿಲ್ಲ. ಅಂದ್ಮೇಲೆ ಯಾರೂ ನೋಡ್ದೇ ಇದ್ದಾಗ ಮಾಡ್ತೀರ ಅಂತಾಯ್ತಲ್ಲ?”

“ಸದ್ದೂ ಮಾಡಕಿಲ್ಲ ಸಾ ಅದು,” ಎಂದು ಕಾವಲುಗಾರ ನೀಲಪ್ಪ ಸಾಕ್ಷಿ ನುಡಿದ. “ಬೆಕ್ಕು ಬಂದಂಗೆ ಬತ್ತದೆ. ಗೇಟ್ ತಾವ ನನ್ ಎದೆ ಝಲ್ ಅಂತದೆ.”

“ಅಯ್ಯೋ, ಇದಕ್ಕೆ ಪ್ಲಗ್ಗೇ ಇಲ್ಲ ಕಣ್ರೀ!” ಎಂದರು ರಾಯರು.

ಯಾರೂ ನಂಬಲಿಲ್ಲ. ಪೆಟ್ರೋಲ್ ಮುಚ್ಚಳ ತೆಗೆದು ಮೂಸಿದರು, ಬಾನೆಟ್ಟು ಎತ್ತಿದರು, ಡಿಕ್ಕಿಯ ಕಾರ್ಪೆಟ್ಟು ಕಿತ್ತರು. ನೀಲಪ್ಪ ಟಾರ್ಚು ಹಿಡಿದು ಕಾರಿನಡಿ ಅಂಗಾತ ಮಲಗಿ, ಕೊನೆಗೆ ವಾಹನಪೂಜೆಯ ಒಣಗಿದ ನಿಂಬೆಹಣ್ಣೊಂದನ್ನು ಹಿಡಿದುಕೊಂಡು ಎದ್ದ.

“ಇದರ ಹೊಟ್ಟೆಯಲ್ಲೇ ಒಂದು ಪವರ್ ಹೌಸ್ ಇದೆ,” ಎಂದು ರಾಯರು ದನಿಯೇರಿಸಿದರು. “ಬ್ಯಾಟರಿ ಇಳಿದರೆ ಪೆಟ್ರೋಲ್ ಇಂಜಿನ್ ತಾನಾಗೇ ಎದ್ದು ಜನರೇಟರ್ ತಿರುಗಿಸುತ್ತೆ, ಬ್ಯಾಟರಿ ತುಂಬುತ್ತೆ. ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಮೋಟಾರೇ ಡೈನಮೋ ಆಗಿಬಿಡುತ್ತೆ. ಬಿಸಿಯಾಗಿ ಹಾಳಾಗಿ ಹೋಗೋ ಶಕ್ತಿ ಕರೆಂಟಾಗಿ ವಾಪಸ್ ಬರುತ್ತೆ.”

ಹನುಮಂತರಾಯಪ್ಪನವರು ಹೆಗಲ ಟವೆಲ್ಲಿಗೆ ಕೈಹಾಕಿದರು. “ಬ್ರೇಕ್ ಒತ್ತಿದ್ರೆ ಕರೆಂಟ್ ಬತ್ತದಾ? ಅಂಗಾದ್ರೆ ನಮ್ ರಿಂಗ್ ರೋಡ್‌ನಾಗೆ ದಿನಾ ಒತ್ತೋ ಬ್ರೇಕ್‌ಗೆ ಇಡೀ ಬೆಂಗ್ಳೂರ್ಗೆ ದೀಪ ಹಚ್ಬೋದಿತ್ತಲ್ರೀ!”

ಎಲ್ಲರೂ ನಕ್ಕರು. ನಗದೆ ಉಳಿದವಳು ಹನುಮಂತರಾಯಪ್ಪನವರ ಮೊಮ್ಮಗಳು ಅಮೂಲ್ಯಾ ಒಬ್ಬಳೇ. ಇಂಜಿನಿಯರಿಂಗ್ ಮೂರನೆಯ ವರ್ಷದ ಹುಡುಗಿ. “ತಾತ, ಪ್ರೂವ್ ಮಾಡ್ಬಿಡಿ. ಕಾರು ಆನ್ ಮಾಡಿ, ಎಸಿ ಜೋರಾಗಿ ಹಾಕಿ, ಲೈಟೆಲ್ಲ ಹಾಕಿ. ಬ್ಯಾಟರಿ ಇಳೀಲಿ. ಇಂಜಿನ್ ತಾನಾಗೇ ಎದ್ರೆ ನೀವ್ ಗೆದ್ರಿ.”

ರಾಯರು ಗುಂಡಿ ಒತ್ತಿದರು. ಕಾರು ಎದ್ದಿತೋ ಇಲ್ಲವೋ ಎಂಬುದೂ ತಿಳಿಯದಷ್ಟು ಮೌನವಾಗಿ ಎದ್ದಿತು. ಪರದೆಯ ಮೇಲೆ ಬ್ಯಾಟರಿಯ ಹಸಿರು ಗೆರೆಗಳು ಆರು. ಶೋಭಾರಾಣಿ ‘ತನಿಖೆಗಾಗಿ’ ಒಳಗೆ ಕುಳಿತು ಎಸಿಯ ತಂಪಿಗೆ ಮುಖವೊಡ್ಡಿದರು.

ಹತ್ತು ನಿಮಿಷ ಕಳೆದರೂ ಒಂದೇ ಗೆರೆ ಇಳಿದಿತ್ತು. ಗಂಟೆ ಹನ್ನೊಂದೂವರೆ. ನೀಲಪ್ಪ ಗೋಂದಿನ ಡಬ್ಬಿ ತಂದು ಸಿದ್ಧನಾಗಿ ನಿಂತ. ನಿಂತೂ ನಿಂತೂ ಕಾಲು ಸೋತ ರಾಯರು ಕಂಬಕ್ಕೆ ಒತ್ತಿ ಇರಿಸಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತರು. ಮನೆ ಬದಲಾಯಿಸಿದ ದಿನ ಸಾಮಾನಿನೊಡನೆ ಬಂದು, ಮನೆಯೊಳಗೆ ಪ್ರವೇಶ ಸಿಗದೆ ಅಲ್ಲೇ ಉಳಿದ ಪೆಟ್ಟಿಗೆ ಅದು. ಸದಾ ಬೆಚ್ಚಗಿರುತ್ತಿದ್ದುದರಿಂದ ಚಳಿಯಲ್ಲಿ ನೀಲಪ್ಪನಿಗೆ ಅದೇ ಸಿಂಹಾಸನ. ಬೆಚ್ಚನೆಯ ಆಸನ ಸಿಕ್ಕಿತು. ಕೇಳುಗರು ಐದಾರು ಮಂದಿ, ಎದ್ದು ಹೋಗುವಂತಿಲ್ಲ. ರಾಯರ ಬಾಯಿ ತಾನಾಗಿಯೇ ತೆರೆಯಿತು.

“ಎಂಬತ್ತಾರನೇ ಇಸವಿ. ಬಂದ್ ದಿನ…”

ಕುಲುಮೆ ಕುದಿಯುತ್ತಿದ್ದಾಗ ಗೆರೆ ನಾಲ್ಕಕ್ಕೆ ಇಳಿಯಿತು. ಸೈಕಲ್ಲಿಗೆ ಬೆಲ್ಟು ಬಿಗಿಯುವಾಗ ಮೂರು. ತುಳಿತುಳಿದು ಮೊಣಕಾಲು ಉರಿಯುವ ಹೊತ್ತಿಗೆ ಎರಡು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ರಾಯರು ಎದೆಯುಬ್ಬಿಸಿ ಕೊನೆಯ ವಾಕ್ಯಕ್ಕೆ ಬಂದರು: “ಆ ಬ್ಯಾಟರಿ ಇವತ್ತಿಗೂ ಜೀವಂತವಾಗಿದೆ ಕಣ್ರೀ!”

ಆ ಕ್ಷಣಕ್ಕೆ, ಯಾರೂ ಮುಟ್ಟದೆ, ಯಾರೂ ಕೀಲಿ ತಿರುಗಿಸದೆ, ಕಾರಿನ ಒಡಲಲ್ಲಿ ಇಂಜಿನ್ ಎಚ್ಚೆತ್ತಿತು.

ಪರದೆಯ ಮೇಲೆ ಇಂಜಿನ್ನಿನಿಂದ ಬ್ಯಾಟರಿಯತ್ತ ಬಾಣವೊಂದು ಹರಿಯತೊಡಗಿತು. ಗೆರೆಗಳು ಒಂದೊಂದಾಗಿ ಮೇಲೇರಿದವು. ಕರುವಿನ ಹಸಿವು ತಿಳಿದು ತಾನೇ ಎದ್ದು ಬಂದ ಹಸುವನ್ನು ಕಂಡವರಂತೆ ಹನುಮಂತರಾಯಪ್ಪನವರು ಟವೆಲ್ಲು ತೆಗೆದು ಕೈಮುಗಿದರು. “ಯಾರೂ ಎಬ್ಬಿಸ್ಲಿಲ್ಲ ಕಣಮ್ಮಾ, ತಾನೇ ಎದ್ದು ಉಣಿಸ್ತಾ ಐತೆ!” ರಾಯರು ಎದ್ದು ಬಂದು ಪರದೆಯತ್ತ ಬಾಗಿದರು. ಅಂದು ತಮ್ಮ ಎರಡು ಕಾಲುಗಳು ಬೆವರು ಸುರಿಸಿ ಮಾಡಿದ್ದನ್ನು ಈ ಯಂತ್ರ ಒಂದು ಮಾತೂ ಆಡದೆ, ಶಾಲನ್ನೂ ಬಯಸದೆ ಮಾಡುತ್ತಿತ್ತು.

ಗೆರೆ ತುಂಬುತ್ತಲೇ ಇಂಜಿನ್ ತಾನಾಗಿ ಮಲಗಿತು. ಶೋಭಾರಾಣಿ ನೋಟಿಸನ್ನು ಹರಿದರು. “ಸಾರಿ ಅಂಕಲ್. ನಿಮ್ಮಂಥೋರ ಮೇಲೆ ಅನುಮಾನ ಪಟ್ವಲ್ಲ!”

ರಾಯರು ಕಾರನ್ನು ಆರಿಸಿ ಬಂದು, ಅಭಿನಂದನೆ ಸ್ವೀಕರಿಸಲು ಗಂಭೀರವಾಗಿ ಪೆಟ್ಟಿಗೆಯ ಮೇಲೆ ಆಸೀನರಾದರು. ಬೇಸ್‌ಮೆಂಟು ನಿಶ್ಶಬ್ದವಾಯಿತು.

ಪೂರ್ತಿ ನಿಶ್ಶಬ್ದವಾಗಲಿಲ್ಲ. ಎಲ್ಲಿಂದಲೋ ಸಣ್ಣಗೆ ‘ಗುಂಯ್’ ಎಂಬ ಸದ್ದು ಬರುತ್ತಲೇ ಇತ್ತು.

ಎಲ್ಲರೂ ಕಾರನ್ನು ನೋಡಿದರು. ಕಾರು ತಣ್ಣಗೆ ನಿದ್ರಿಸುತ್ತಿತ್ತು. ಅಮೂಲ್ಯಾ ಬಾಗಿ ಪೆಟ್ಟಿಗೆಗೆ ಕಿವಿಗೊಟ್ಟಳು. ಹಿಂದಿನಿಂದ ಕಂಬದ ಸಾಕೆಟ್ಟಿನವರೆಗೆ ಓಡಿದ್ದ ಕರಿಯ ವೈರನ್ನು ಕಣ್ಣಿನಲ್ಲೇ ಅಳೆದಳು.

ರಾಯರಿಗೆ ಜನವರಿಯ ಆ ದಿನ ನೆನಪಾಯಿತು. ಪ್ರಭಾ ಬಾಗಿಲಿಗೆ ಅಡ್ಡ ನಿಂತದ್ದು. ತಾವು, “ನೀಲಪ್ಪ, ಚಾರ್ಜರ್ ಪೆಟ್ಟಿಗೆಯೊಳಗೇ ಇದೆ, ಇದನ್ನು ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿಡಪ್ಪ” ಎಂದದ್ದು. ತೆಗೆಯೆಂದು ಹೇಳಲು ಮರೆತದ್ದು. ನೀಲಪ್ಪ ಹೇಳಿದ್ದನ್ನಷ್ಟೇ ಮಾಡುವ ನಿಯತ್ತಿನ ಮನುಷ್ಯ.

ಅಮೂಲ್ಯಾ ಅವರ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಳು.

“ತಾತ, ಆ ಕತೇನ ಇನ್ನೊಂದ್ ಸಲ ಹೇಳ್ತೀರಾ? ಪೂರ್ತಿ ಬೇಡ. ಆ ಬ್ಯಾಟರಿ ಇವತ್ತಿಗೂ ಜೀವಂತವಾಗಿದೆ ಅಂದ್ರಲ್ಲ, ಅಲ್ಲಿಂದ.”